ರಾಗಿ ಹೊಟ್ಟಿನಲ್ಲಿ ಹೂತ ಬಟ್ಟಲು

ಕೆಂಪಯ್ಯ ನಮ್ಮ ಮನೆಗೆ ಬಂದ ದಿನ ಅವನ ಕೈಯಲ್ಲಿ ಒಂದು ನೋಟ್‌ಬುಕ್ಕು, ಕಿವಿಯ ಮೇಲೆ ಒಂದು ಪೆನ್ಸಿಲ್ಲು, ಜೇಬಿನಲ್ಲಿ ಮೂತಿ ಹೊರಗೆ ಹಾಕಿದ್ದ ಒಂದು ಸ್ಕೇಲು ಇದ್ದವು. ಮರದ ಬಟ್ಟಲು ಕೆತ್ತುವುದನ್ನು ಕಲಿಯಲು ಬಂದವನು! ನನಗೆ ಅಲ್ಲೇ ಅರ್ಧ ಸಾಕಾಗಿ ಹೋಯಿತು.

"ಬಟ್ಟಲು ಎಷ್ಟು ಇಂಚು ಆಳ ಇರ್ಬೇಕು?" ಎಂದು ಕೇಳಿದ.

"ಮಜ್ಜಿಗೆ ಹಿಡಿಸೋಷ್ಟು," ಎಂದೆ.

ಅದನ್ನೂ ಬರೆದುಕೊಂಡ.

ಅವನು ದೊಡ್ಡೇರಿಯ ನಮ್ಮ ಸೋದರತ್ತೆಯ ಮಗ. ನನಗಿಂತ ಮೂರು ವರ್ಷ ದೊಡ್ಡವನು. ಮಧುಗಿರಿಯಲ್ಲಿ ಮಿಡ್ಲ್ ಸ್ಕೂಲು ಓದಿದ್ದ. ಓದಿದ್ದು ತಲೆಗೆ ಹತ್ತಿತ್ತೋ ಇಲ್ಲವೋ, ಬರೆಯುವ ಚಟವಂತೂ ಕೈಗೆ ಹತ್ತಿತ್ತು. "ಬಾವ ಅಂತ ಕರೀಬಾರ್ದೇನೇ ಅಸ್ವತ್ತಮ್ಮ," ಎಂದು ಅವ್ವ ದಿನಕ್ಕೆ ಎರಡು ಸಲ ಹೇಳುತ್ತಿದ್ದಳು. ನಾನು ಕರೆಯಲಿಲ್ಲ. "ನೋಡಿಲ್ಲಿ" ಎನ್ನುತ್ತಿದ್ದೆ. ಬಹಳ ಸಿಟ್ಟು ಬಂದರೆ ಅದೂ ಇಲ್ಲ, ಬರೀ ಉಳಿಯಿಂದ ದಿಮ್ಮಿಯನ್ನು ಕುಟ್ಟುತ್ತಿದ್ದೆ.

ನನ್ನ ಸಿಟ್ಟಿಗೆ ಕಾರಣವಿತ್ತು. ಯುದ್ಧದ ಕಾಲ ಅದು. ಪೇಟೆಯಲ್ಲಿ ಹಿತ್ತಾಳೆ ಪಾತ್ರೆ ಸಿಗುತ್ತಿರಲಿಲ್ಲ. ಕೊರಟಗೆರೆ ಸಂತೆಯಲ್ಲಿ ನಮ್ಮ ಮನೆಯ ಬಟ್ಟಲು, ಮರಿಗೆಗಳಿಗೆ ಜನ ಮುಗಿಬೀಳುತ್ತಿದ್ದರು. ಎಲ್ಲವೂ ದೊಡ್ಡರಂಗಪ್ಪನ ಕೈಕೆಲಸ ಎಂದು ಊರೆಲ್ಲ ನಂಬಿತ್ತು. ದೊಡ್ಡರಂಗಪ್ಪ ನಮ್ಮಪ್ಪ. ಅಪ್ಪನ ಬಲಗೈ ನಡುಗಲು ಶುರುವಾಗಿ ಮೂರು ವರ್ಷವಾಗಿತ್ತು. ಕೆತ್ತುತ್ತಿದ್ದವಳು ನಾನು, ಹಿತ್ತಲಲ್ಲಿ, ಬಾಗಿಲು ಹಾಕಿಕೊಂಡು.

ನಮ್ಮ ಮನೆಯಲ್ಲಿ ಮುತ್ತಜ್ಜನ ಕಾಲದ ಒಂದು ಬಾಚಿ ಇದೆ. ಅಲಗು ಒಳಕ್ಕೆ ಬಾಗಿದ್ದು, ಬಟ್ಟಲಿನ ಹೊಟ್ಟೆ ತೋಡಲೆಂದೇ ಮಾಡಿಸಿದ್ದು. ಅದನ್ನು ಮುಂದಿನವರಿಗೆ ಕೊಡಲು ಒಂದು ಕಟ್ಟಳೆ ಇತ್ತು. ಯುಗಾದಿಯ ಬೆಳಿಗ್ಗೆ ಒಣ ಬೂದಿ ಹರಡಿ, ಅದರ ಮೇಲೆ ಬಟ್ಟಲಿಟ್ಟು ನೀರು ತುಂಬಬೇಕು. ಮಧ್ಯಾಹ್ನ ಒಬ್ಬಟ್ಟಿನ ಊಟ ಮುಗಿಯುವವರೆಗೆ ಬೂದಿ ಒಣಗಿಯೇ ಇದ್ದರೆ, ಬಟ್ಟಲು ಕೆತ್ತಿದವನಿಗೆ ಬಾಚಿ. ಕೆತ್ತಿದವನಿಗೆ. ಹೆಣ್ಣಿನ ಬಟ್ಟಲನ್ನು ಬೂದಿಯ ಮೇಲೆ ಇಟ್ಟವರೇ ನಮ್ಮ ವಂಶದಲ್ಲಿ ಇರಲಿಲ್ಲ.

ಅಪ್ಪನಿಗೆ ಗಂಡುಮಕ್ಕಳಿಲ್ಲ. ಹಾಗಾಗಿ ಕೆಂಪಯ್ಯ. ಅವನು ಗೆದ್ದರೆ ಬಾಚಿ ಅವನದು, ಅದರ ಹಿಂದೆ ನಾನೂ ಅವನವಳು ಎಂಬುದನ್ನು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಆದರೆ ಅವ್ವ ಆಗಲೇ ಅವನ ಮುದ್ದೆಗೆ ತುಪ್ಪ ಬಿಡಲು ಶುರು ಮಾಡಿದ್ದಳು. ಸೋತರೆ ಬಾಚಿ ಬಲಸಮುದ್ರದ ದೊಡ್ಡಪ್ಪನ ಮಗನಿಗೆ, ಅವನು ಅದರಲ್ಲಿ ನೇಗಿಲು ಕೆತ್ತುತ್ತಾನೆ. ನಾನು ಸಿರಾದ ಅಂಗಡಿ ಮನೆಗೆ ಸೊಸೆ, ಜೀವನವೆಲ್ಲ ಬೆಲ್ಲ ತೂಗುತ್ತೇನೆ. ನನ್ನ ಕೈಗೆ ಬರಬೇಕಾದ ಬಾಚಿಯನ್ನು ಇವನ ಕೈಗೆ ಸೇರಿಸಲು ನಾನೇ ಇವನಿಗೆ ಪಾಠ ಹೇಳಬೇಕು! ಇಂಥ ನ್ಯಾಯ ಎಲ್ಲಾದರೂ ಉಂಟೇ?

ಪಾಠವಾದರೂ ಹತ್ತಿತೇ? ಮೊದಲ ಬಟ್ಟಲಿಗೆ ಎರಡೇ ದಿನದಲ್ಲಿ ತೂತು ಬಿತ್ತು.

"ಬಾಯಿಂದ ತಳಕ್ಕೆ ಕೆತ್ತು ಅಂದಿದ್ದೆ. ಎಳೆಗೆ ಎದುರಾಗಿ ಯಾಕೆ ಹೋದೆ?"

"ಎಳೆ ಯಾವ ಕಡೀಗೆ ಅಂತ ಮರದ ಮ್ಯಾಲೆ ಬರ್ದಿಲ್ವಲ್ಲ."

"ಬರ್ದೈತೆ. ನಿನ್ನ ಬುಕ್ಕಿನಾಗಿಲ್ಲ ಅಷ್ಟೆ."

ಅವನು ತೂತಿನಿಂದ ಒಂದು ಕಣ್ಣು ಹಾಕಿ ನನ್ನನ್ನು ನೋಡಿದ. ಗುಂಡಗಿನ ತೂತು, ಅದರೊಳಗೆ ಒಂದು ಕಪ್ಪು ಕಣ್ಣು, ರೆಪ್ಪೆಯ ಮೇಲೆ ಮರದ ಪುಡಿ. ನಗು ಬಂತು. ನಗಬಾರದೆಂದು ಸೆರಗು ಬಾಯಿಗಿಟ್ಟುಕೊಂಡು ಒಳಗೆ ಹೋದೆ.

ಎರಡನೆಯದು ತಳದವರೆಗೆ ಬಂತು. ಆಮೇಲೆ ಇನ್ನೊಂದು ಗೋಳು. ಹಸಿ ಮರದಲ್ಲಿ ಕೆತ್ತಿದ ಬಟ್ಟಲನ್ನು ಗಾಳಿಗೆ ಬಿಟ್ಟರೆ ಸೀಳುತ್ತದೆ. ದೊಡ್ಡ ಮಣ್ಣಿನ ಗುಡಾಣದಲ್ಲಿ ರಾಗಿ ಹೊಟ್ಟು ತುಂಬಿ ಅದರೊಳಗೆ ಹೂತಿಡಬೇಕು. ಒಂದು ತಿಂಗಳು ಅಲ್ಲಾಡಿಸಬಾರದು, ತೆಗೆಯಬಾರದು, ನೋಡಲೂ ಬಾರದು. ಇದನ್ನು ಹೇಳಿದೆ, ಬರೆಸಿದೆ, ಓದಿಸಿದೆ. ನಾಲ್ಕನೇ ದಿನ ನೋಡಿದರೆ ಹಿತ್ತಲಲ್ಲಿ ಬಟ್ಟಲು ಕೈಯಲ್ಲಿ ಹಿಡಿದು ಬಿಸಿಲಿಗೆ ತೋರಿಸುತ್ತಾ ನಿಂತಿದ್ದಾನೆ!

"ಏನ್ ಮಾಡ್ತಿದೀಯ?"

"ಹೆಂಗೈತೆ ಅಂತ ನೋಡ್ತಿದ್ದೆ."

"ಒಳಗಿಟ್ರೆ ಚೆನ್ನಾಗಿರ್ತದೆ. ತೆಗೆದ್ರೆ ಕೆಡ್ತದೆ. ಇದ್ರಾಗೆ ನೋಡೋದೇನೈತೆ?"

"ಒಂದ್ಸಲ ನೋಡಿದ್ರೆ ಸಮಾಧಾನ ಕಣೇ ಅಸ್ವತ್ತು."

ಆ ಬಟ್ಟಲು ಸೀಳಿತು. ಮೂರನೆಯದು ಸೀಳಿತು. ನಾಲ್ಕನೆಯದನ್ನು ಅವನು ದಿನ ಬಿಟ್ಟು ದಿನ ತೆಗೆದು ನೋಡಿ, ಯಾವ ದಿನ ಎಷ್ಟು ಹೊತ್ತಿಗೆ ನೋಡಿದೆ ಎಂದು ಬುಕ್ಕಿನಲ್ಲಿ ಬರೆದ. ಕೊನೆಗೆ "ಸೀಳಿತು" ಎಂದೂ ಬರೆದ. ಇವನನ್ನು ಏನು ಮಾಡಲಿ ಎಂದು ನನಗೆ ಅಳು ಬರುವಂತಾಗಿತ್ತು.

ಹಾಗಂತ ಅವನಿಗೆ ಏನೂ ಬರುತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಸಾಣೆ ಹಿಡಿಯುವುದರಲ್ಲಿ ಅವನನ್ನು ಬಿಟ್ಟರಿಲ್ಲ. ಅವನು ಮಸೆದ ಉಳಿ ಹಸಿ ಶಿವನೆ ಮರದೊಳಗೆ ಬೆಣ್ಣೆಯಲ್ಲಿ ಇಳಿದ ಹಾಗೆ ಇಳಿಯುತ್ತಿತ್ತು. ಗುಡ್ಡಕ್ಕೆ ಹೋದರೆ ಮರವನ್ನು ತಟ್ಟಿ ಸದ್ದು ಕೇಳಿ, ಒಳಗೆ ಗಂಟಿದೆಯೇ ಇಲ್ಲವೇ ಎಂದು ಹೇಳುತ್ತಿದ್ದ. ಒಂದು ದಿನ ಬಾಚಿಯನ್ನು ಮಸೆದು ನನ್ನ ಕೈಗೆ ಕೊಡುವಾಗ ಅದರ ಹಿಡಿಯನ್ನು ತಿರುಗಿಸಿ ತಿರುಗಿಸಿ ನೋಡಿದ.

"ಇಲ್ಲಿ ಹೆಬ್ಬೆರಳು ಕೂತು ಸವೆದೈತೆ. ಎಡಗೈದು," ಎಂದ. "ಮಾವಂದು ಬಲಗೈ. ನಂದೂ ಬಲಗೈ. ಈ ಮನೇಲಿ ಎಡಗೈಯೋಳು ನೀನೊಬ್ಳೇ."

ಅವನು ಹಿಡಿಯನ್ನು ನನ್ನ ಎಡಗೈಗೆ ಇಟ್ಟು, ಬೆರಳು ಸರಿಯಾಗಿ ಕೂತಿತೇ ಎಂದು ನೋಡಿದ. ನೋಡಿಯೇ ಇದ್ದ. ಅವನ ಕಣ್ಣು ನನ್ನ ಬೆರಳಿನಿಂದ ಮಣಿಕಟ್ಟಿಗೆ, ಬಳೆಗೆ, ಮುಖಕ್ಕೆ ಬಂದು ಅಲ್ಲೇ ನಿಂತಿತು. ಮೂರು ವರ್ಷದಲ್ಲಿ ನನ್ನ ಕೈಯನ್ನು ಯಾರೂ ಹಾಗೆ ನೋಡಿರಲಿಲ್ಲ.

"ಬರ್ಕೊಳಲ್ವಾ ಇದನ್ನ?" ಎಂದು ರೇಗಿದೆ.

"ಇದು ಮರೆಯೋವಂಥದ್ದಲ್ಲ," ಎಂದ.

ಆ ದಿನ ನಾನು ಒಂದು ಒಳ್ಳೆಯ ಮರಿಗೆಯ ಅಂಚು ಮುರಿದೆ.

ಶಿವರಾತ್ರಿಗೆ ಅವನು ಒಂದು ಶಿವನೆ ದಿಮ್ಮಿ ತಂದ. ಸೀಳಿದರೆ ನಡುವೆ ತಿರುಳು ನೇರವಾಗಿ ಓಡಿತ್ತು. ಒಂದು ಅರ್ಧ ಅವನಿಗೆ, ಇನ್ನೊಂದು ನನಗೆ. ಹಿತ್ತಲಲ್ಲಿ ಎದುರುಬದುರು ಕೂತು ಕೆತ್ತಿದೆವು. ಮೊದಲ ಬಾರಿಗೆ ಅವನು ಎಳೆಯ ಜೊತೆ ಹೋದ. ಬಟ್ಟಲಿನ ಒಳಗು ನುಣುಪಾಗಿ ಬಂತು. ಮಾರನೆ ದಿನ ಎರಡನ್ನೂ ಒಂದೇ ಗುಡಾಣದಲ್ಲಿ ಹೂತೆವು. ಯುಗಾದಿಗೆ ಸರಿಯಾಗಿ ಒಂದು ತಿಂಗಳಿತ್ತು.

"ಈ ಸಲ ನೋಡಿದ್ರೆ ಕೈ ಮುರೀತೀನಿ," ಎಂದೆ.

"ನೋಡಲ್ಲ. ದೇವ್ರಾಣೆ," ಎಂದ. ನಿಜಕ್ಕೂ ನೋಡಲಿಲ್ಲ. ಗುಡಾಣದ ಕಡೆ ಹೋಗುವುದನ್ನೇ ಬಿಟ್ಟ.

ಆರನೇ ದಿನ ನಾನು ನೋಡಿದೆ.

ಹೌದು, ನಾನೇ. ಹೇಳಲು ನಾಚಿಕೆಯಾಗುತ್ತದೆ. ಅವ್ವ ನೀರಿಗೆ ಹೋಗಿದ್ದಳು, ಹಿತ್ತಲಲ್ಲಿ ಯಾರೂ ಇರಲಿಲ್ಲ. ಹೊಟ್ಟಿನೊಳಗೆ ಕೈ ಹಾಕಿ ಅವನ ಬಟ್ಟಲನ್ನು ಎತ್ತಿ, ಸುತ್ತ ಬೆರಳಾಡಿಸಿದೆ. ಸೀಳಿರಲಿಲ್ಲ. ಜೀವಕ್ಕೆ ತಂಪಾಯಿತು. ಮತ್ತೆ ಹೂತೆ. ಒಂಬತ್ತನೇ ದಿನ ಮತ್ತೆ ನೋಡಿದೆ. ಸಿರಾದವರು ಹೇಳಿಕಳಿಸಿದ್ದರು ಎಂದು ಅಪ್ಪ ಹೇಳಿದ ದಿನ ಎರಡು ಸಲ ನೋಡಿದೆ. ಸುಡುವ ಗಾಳಿಯ ದಿನಗಳು ಅವು. ನನಗೆ ಗೊತ್ತಿತ್ತು. ಗೊತ್ತಿದ್ದೂ ಕೈ ನಿಲ್ಲಲಿಲ್ಲ. ಈ ಬಟ್ಟಲು ಉಳಿದರೆ ಅವನು ಇರುತ್ತಾನೆ, ಹೋದರೆ ಹೋಗುತ್ತಾನೆ. ನೋಡದೆ ಹೇಗಿರಲಿ?

ಯುಗಾದಿಯ ಹಿಂದಿನ ದಿನ ಅವನ ಬಟ್ಟಲು ತೆಗೆದಾಗ ತಳದಲ್ಲಿ ಕೂದಲೆಳೆಯಷ್ಟು ಗೆರೆ ಕಂಡಿತು. ಕೆಂಪಯ್ಯ ಹುಚ್ಚೆಳ್ಳೆಣ್ಣೆ ತಿಕ್ಕಿದ. ಗೆರೆ ಮುಚ್ಚಿಹೋಯಿತು. ಮುಚ್ಚಿಯೇ ಇರಲಿ ಎಂದು ಎಲ್ಲ ದೇವರಿಗೂ ಕೈ ಮುಗಿದೆ.

ಯುಗಾದಿಯ ಬೆಳಿಗ್ಗೆ ಅಪ್ಪ ಬೂದಿ ಹರಡಿ, ಬಟ್ಟಲಿಟ್ಟು, ನೀರು ತುಂಬಿದ. ಪಕ್ಕದಲ್ಲಿ ಅರಿಶಿನ ಕುಂಕುಮ ಹಚ್ಚಿದ ಬಾಚಿ. ಬೇವು ಬೆಲ್ಲ ತಿಂದೆವು. ನನ್ನ ಬಾಯಿಗೆ ಬರೀ ಬೇವೇ ಸಿಕ್ಕಿತು. ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಬಟ್ಟಲಿನ ಸುತ್ತ ಬೂದಿ ಕಪ್ಪಾಗತೊಡಗಿತು. ಮೊದಲು ಒಂದು ಚುಕ್ಕೆ. ಆಮೇಲೆ ಒಂದು ಅಂಗೈ ಅಗಲ.

ಅಪ್ಪ ಉಸಿರು ಬಿಟ್ಟ. "ಮತ್ತೆ ತೆಗೆದು ನೋಡ್ದೇನ್ಲಾ?"

"ಹೂಂ ಮಾವ. ತಪ್ಪಾಯ್ತು," ಎಂದ ಕೆಂಪಯ್ಯ.

ನನಗೆ ತಲೆ ಕೆಟ್ಟಿತು. "ಸುಳ್ಳು!" ಎಂದು ಕಿರುಚಿದೆ. ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು. "ಅವನು ಮುಟ್ಟಿಲ್ಲ. ತೆಗೆದು ನೋಡ್ದೋಳು ನಾನು."

"ನೀನಾ? ಕಲಿಸ್ದೋಳೇ ನೀನು! ಯಾಕಮ್ಮ?"

"ನೋಡ್ದೆ ಇರಕ್ಕಾಗ್ಲಿಲ್ಲ ಅಪ್ಪಾ. ಒಡೆದ್ರೆ ಇವನು ದೊಡ್ಡೇರಿಗೆ ಹೋಗ್ಬುಡ್ತಾನೆ. ಇವನು ಹೋದ್ರೆ..." ಬಿದ್ದ ಸೌಟು ಎತ್ತಿಕೊಂಡೆ. ಹೇಳಿಯೇಬಿಟ್ಟೆ. "ಇವನು ಹೋದ್ರೆ ನಂಗೆ ಬ್ಯಾಸರ. ಇವನು ಬೇಕು."

ಅವ್ವ ಗೋಡೆಯ ಕಡೆ ತಿರುಗಿ ನಕ್ಕಳು. ನಾನು ಕೆಂಪಯ್ಯನ ಮೇಲೆ ಹರಿಹಾಯ್ದೆ. "ನೀನ್ಯಾಕೆ ಸುಳ್ಳು ಹೇಳ್ದೆ? ನಿಂಗೆಲ್ಲಿ ಗೊತ್ತಿತ್ತು?"

ಅವನು ನೋಟ್‌ಬುಕ್ಕು ತೆಗೆದು ನನ್ನ ಮುಂದೆ ಹಿಡಿದ. ಆರನೇ ದಿನ, ಅಶ್ವತ್ಥಮ್ಮನ ಬಳೆಯಲ್ಲಿ ಹೊಟ್ಟು. ಒಂಬತ್ತನೇ ದಿನ, ಮತ್ತೆ ಹೊಟ್ಟು. ಹದಿನಾಲ್ಕನೇ ದಿನ, ಎರಡು ಸಲ. ಒಂದೂ ಬಿಟ್ಟಿರಲಿಲ್ಲ, ಮಹಾರಾಯ.

"ಗೊತ್ತಿದ್ದೂ ಬಾಯಿ ಮುಚ್ಕೊಂಡಿದ್ಯಾ! ಬಟ್ಟಲು ಹಾಳಾಗ್ತದೆ ಅಂತ ತಿಳೀಲಿಲ್ವಾ?"

"ತಿಳೀತು," ಎಂದ. "ಆದ್ರೆ ನೀನು ಮತ್ತೆ ಮತ್ತೆ ನಂದನ್ನ ನೋಡ್ತೀಯ ಅಂತ ಗೊತ್ತಾದ್ಮೇಲೆ ನಿಲ್ಸು ಅನ್ನಕ್ಕೆ ಮನಸ್ಸಾಗ್ಲಿಲ್ಲ ಕಣೇ." ಆಮೇಲೆ ಅಪ್ಪನ ಕಡೆ ತಿರುಗಿದ. "ಮಾವ, ನಂದು ಸೋತೈತೆ. ಅದ್ರ ಜೋಡೀದು ಗುಡಾಣದಾಗೇ ಐತೆ. ಅದನ್ನ ಯಾರೂ ತೆಗೆದಿಲ್ಲ."

ನನ್ನ ಬಟ್ಟಲು! ಅವನದನ್ನು ನೋಡುವ ಗಡಿಬಿಡಿಯಲ್ಲಿ ನನ್ನದೊಂದು ಇದೆ ಎಂಬುದೇ ಮರೆತುಹೋಗಿತ್ತು.

ಅಪ್ಪ ತಾನೇ ಎದ್ದು ಹೋಗಿ, ಹೊಟ್ಟು ಕೊಡವಿ, ನಡುಗುವ ಕೈಯಲ್ಲೇ ತಂದ. ಹೊಸ ಬೂದಿ ಹರಡಿದ. ನೀರು ತುಂಬಿದ. "ಇದು ಗೊತ್ತಾಗೋಗಂಟ ಯಾರೂ ಉಣ್ಣಂಗಿಲ್ಲ," ಎಂದ.

ಒಬ್ಬಟ್ಟು ತಣ್ಣಗಾದವು. ಬಿಸಿಲು ಜಗಲಿಯಿಂದ ಅಂಗಳಕ್ಕೆ ಇಳಿಯಿತು. ಅಪ್ಪ ಬಗ್ಗಿ ಬಟ್ಟಲಿನ ಸುತ್ತ ಬೆರಳಾಡಿಸಿದ. ಬೂದಿ ಪುಡಿಪುಡಿಯಾಗಿ ಹಾರಿತು.

"ಗಂಡು ಕೆತ್ತಿದ್ದೋ ಹೆಣ್ಣು ಕೆತ್ತಿದ್ದೋ ಅಂತ ಬೂದಿ ಕೇಳಲ್ಲ," ಎಂದ ಅಪ್ಪ. "ನಾನು ಕೇಳ್ತಾ ಬಂದೆ. ಮೂರು ವರ್ಷ ನಿನ್ನ ಕೆಲಸನ ನನ್ನ ಹೆಸರಾಗೆ ಮಾರ್ದೆ. ತಗೊಳ್ಳವ್ವ." ಬಾಚಿಯನ್ನು ನನ್ನ ಎಡಗೈಗೆ ಕೊಟ್ಟ. "ಇನ್ನು ಇವನು ಇರ್ಬೇಕೋ ಹೋಗ್ಬೇಕೋ, ಬಾಚಿ ಇರೋರು ಹೇಳ್ಬೇಕು."

ಹೆಬ್ಬೆರಳು ತನ್ನ ಜಾಗದಲ್ಲಿ ಕೂತಿತು. ಕೆಂಪಯ್ಯ ಕೈಕಟ್ಟಿ ನಿಂತಿದ್ದ. ನೋಡುತ್ತಿದ್ದ. ಈ ಮನುಷ್ಯನ ಜೊತೆ ಬದುಕಿಡೀ ಹೇಗೆ ಏಗಲಿ ಎಂದು ಕೋಪ ಬಂತು. ಏಗಲೇಬೇಕು ಎಂದು ಅದರ ಹಿಂದೆಯೇ ಅಳುವೂ ಬಂತು.

"ಹಿತ್ತಲಾಗೆ ಇನ್ನೊಂದು ದಿಮ್ಮಿ ಬಿದ್ದೈತೆ," ಎಂದೆ. "ಹಬ್ಬ ಕಳೀಲಿ, ಅದನ್ನ ಸೀಳಿ ಕೊಡು. ಈಗ ಉಣ್ಣಾಕೆ ಬಾ, ಬಾವ."

ಅವನು ಬರಲಿಲ್ಲ. ಕಿವಿಯ ಮೇಲಿನ ಪೆನ್ಸಿಲ್ಲು ತೆಗೆದು ಅಲ್ಲೇ ಕೂತು ಬರೆಯತೊಡಗಿದ. ನಾನು ಹೋಗಿ ಬುಕ್ಕು ಕಿತ್ತುಕೊಂಡೆ.

"ಯುಗಾದಿ, ಮಧ್ಯಾಹ್ನ. ಭಾವ ಎಂದು ಕರೆದಳು," ಎಂದಿತ್ತು. ಅಡಿಯಲ್ಲಿ ಒಂದು ಗೆರೆ, ಅದೂ ಸ್ಕೇಲು ಇಟ್ಟು ಎಳೆದದ್ದು.