ಆರನೇ ಮಹಡಿಯ ಬಲೂನು

ಗಾಳಿ ನಿಲ್ಲುವವರೆಗೆ ಕಾಯಬೇಕಿತ್ತು. ಅಷ್ಟೇ ಆಗಿದ್ದರೆ ಲಿಯೋನಾ ಕಾರ್ಕಮ್‌ಗೆ ಬೇಸರವಿರಲಿಲ್ಲ. ಪಕ್ಕದಲ್ಲೇ ಶತ್ರುವೂ ಕಾಯುತ್ತಿದ್ದ.

ನೋವಾ ಸ್ಕೋಷಾದ ಆ ಪುಟ್ಟ ಬಂದರಿನಲ್ಲಿ, ಹಳೆಯ ಮೀನಿನ ಕಾರ್ಖಾನೆಯಿದ್ದ ಜಾಗದಲ್ಲಿ ಆರು ಮಹಡಿಯ ವಸತಿ ಕಟ್ಟಡ ಏಳಲಿತ್ತು. ಅದರ ನಕ್ಷೆ ಬರೆದವನು ಈ ಆನ್ಸೆಲ್ಮ್. 'ನಾಲ್ಕು ಮಹಡಿ ಸಾಕು' ಎಂದು ಊರೆಲ್ಲ ಬೋರ್ಡು ನೆಟ್ಟವಳು ಲಿಯೋನಾ. ಇಂಥ ಜಗಳ ಬಂದಾಗ ಊರವರು ಕಟ್ಟಡದಷ್ಟೇ ಎತ್ತರಕ್ಕೆ ಕೆಂಪು ಬಲೂನು ಹಾರಿಸಿ, ತಂತಮ್ಮ ಕಿಟಕಿಯಿಂದ ನೋಡುತ್ತಿದ್ದರು. ಇವತ್ತು ದಾರ ಹಿಡಿದವಳು ಲಿಯೋನಾ; ಅದರ ಉದ್ದ ಸರಿಯಿದೆಯೇ ಎಂದು ನೋಡಲು ಅವನು ಬಂದಿದ್ದ. ಕಡಲ ಗಾಳಿಗೆ ಬಲೂನು ವಾಲಾಡುತ್ತಿತ್ತು.

"ಈಗಲೇ ನೋಡಿ ಅಂತ ಊರೋರಿಗೆ ಹೇಳ್ಬಹುದಲ್ವಾ ನೀವು? ವಾಲಿದ್ರೆ ನಿಮ್ಮ ಕಟ್ಟಡ ಗಿಡ್ಡ ಕಾಣುತ್ತೆ."

"ಮೋಸ ಮಾಡಿ ಗೆಲ್ಲೋದು ನಂಗಿಷ್ಟ ಇಲ್ಲ," ಅಂದ. ಅವನ ಕಣ್ಣು ಬಲೂನಿನ ಮೇಲಿರಲಿಲ್ಲ. ಲಿಯೋನಾಗೆ ಸಿಟ್ಟು ಬಂತು. ಬೆಳಿಗ್ಗೆ ಎರಡೆರಡು ಸಲ ತಲೆ ಬಾಚಿಕೊಂಡಿದ್ದಕ್ಕೆ ತನ್ನ ಮೇಲೇ ಇನ್ನಷ್ಟು ಸಿಟ್ಟು ಬಂತು.

ಆದರೂ ಫ್ಲಾಸ್ಕಿನಿಂದ ಅವನಿಗೂ ಟೀ ಬಗ್ಗಿಸಿ, ಬಿಸ್ಕತ್ತು ಕೊಟ್ಟಳು. ನಾಯಿ ಅಡ್ಡಾಡಿಸುತ್ತಿದ್ದ ಪಕ್ಕದ ಮನೆಯ ಮರ್ಟಲ್ ಅಜ್ಜಿ, "ಶತ್ರುಗೆ ಬಿಸ್ಕತ್ತು ಬೇರೆನಾ?" ಎಂದು ಕೇಳಿ ನಗುತ್ತಾ ಹೋದರು.

ಇಷ್ಟೊಂದು ಹಟ ಯಾಕೆಂದು ಅವನು ಕೇಳಿದ. ಅವಳು ಗುಡ್ಡದ ಮೇಲಿನ ತನ್ನ ಮನೆ ತೋರಿಸಿದಳು. ಅಪ್ಪ ಲಾಬ್‌ಸ್ಟರ್ ಸೀಗಡಿ ಹಿಡಿಯುವ ದೋಣಿ ಬಂದರಿನ ಬಾಯಿ ದಾಟುವುದು ಆ ಅಡುಗೆಮನೆ ಕಿಟಕಿಗೆ ಕಾಣುತ್ತದೆ. ಕಂಡ ಕೂಡಲೇ ಅಮ್ಮ ಟೀಗೆ ಕೆಟಲ್ ಇಡುತ್ತಿದ್ದಳು. ಅಮ್ಮ ತೀರಿಕೊಂಡ ಮೇಲೆ ಲಿಯೋನಾ ಇಡುತ್ತಾಳೆ.

"ಮನೆಗಳೇ ಬೇಡ ಅನ್ನಲ್ಲ ನಾನು. ಇಲ್ಲಿ ಮನೆ ಸಿಗ್ದೆ ನನ್ನ ತಂಗಿನೇ ಊರು ಬಿಟ್ಟು ಹೋದ್ಲು. ಆ ಕಿಟಕಿ ಮುಚ್ಬೇಡಿ, ಅಷ್ಟೇ."

ಅಷ್ಟರಲ್ಲಿ ಗಾಳಿ ನಿಂತಿತು, ಬಲೂನು ನೆಟ್ಟಗಾಯಿತು. ಬಾಗಿಲಿಗೆ ಬೀಗವಿಲ್ಲ, ನೀವೇ ಹೋಗಿ ನೋಡಿ ಎಂದಳು. ಅವನು ಗುಡ್ಡ ಹತ್ತಿದ.

ಸ್ವಲ್ಪ ಹೊತ್ತಿಗೆ ಅಲ್ಲಿಂದ ಅವನ ಫೋನ್ ಬಂತು. "ಬಂದರಿನ ಬಾಯಿಗೆ ಸರಿಯಾಗಿ ಅಡ್ಡ ನಿಂತಿದೆ. ಇಳಿಸಿ."

"ಮಹಡಿ ಇಳಿಸಿದ್ರೆ ಕಟ್ಟಿಸೋರು ಈ ಕೆಲಸನೇ ನಿಮ್ಮಿಂದ ಕಿತ್ಕೊಳ್ತಾರೆ."

"ಕಿತ್ಕೊಳ್ಲಿ. ಇಳಿಸಿ."

ಅವಳು ದಾರ ಸುತ್ತತೊಡಗಿದಳು. ಈಗ? ಇನ್ನೂ ಸ್ವಲ್ಪ. ಈಗ? ಇನ್ನೂ ಸ್ವಲ್ಪ. ಕೊನೆಗೆ ಬಲೂನು ಅವಳ ತೋಳಿಗೇ ಬಂತು.

"ಈಗಲಾದ್ರೂ ಬಂದರು ಕಾಣ್ತಿದ್ಯಾ?"

"ಅದು ನಾಲ್ಕನೇ ಮಹಡಿಗೇ ಕಾಣಿಸ್ತು, ಲಿಯೋನಾ. ಊರ ಸಭೇಲಿ ಹಾಗೇ ಹೇಳ್ತೀನಿ."

"ಮತ್ತೆ ಇಲ್ಲೀವರೆಗೂ ಯಾಕೆ ಇಳಿಸಿದ್ದು?"

"ನೀನು ತಲೆಯೆತ್ತಿ ಬಲೂನನ್ನೇ ನೋಡ್ತಿದ್ದೆ. ಅದು ಕೆಳಗಿಳಿದ್ರೆ ಈ ಕಡೆ ನೋಡ್ತೀಯೇನೋ ಅಂತ."

ಲಿಯೋನಾ ನೋಡಿದಳು. ಗುಡ್ಡದ ಮೇಲೆ ಆ ಕಿಟಕಿಯಲ್ಲಿ, ಅಮ್ಮ ನಿಲ್ಲುತ್ತಿದ್ದ ಜಾಗದಲ್ಲಿ ಅವನು ನಿಂತಿದ್ದ.

"ಅಲ್ಲೇ ಇರು, ಬಂದೆ," ಅಂದಳು. "ಅಪ್ಪನ ದೋಣಿ ಬರೋ ಹೊತ್ತು. ಕೆಟಲ್ ಇಡು."