ಮುಳ್ಳಿನ ಮೇಲಿನ ಧೂಳು

ಸತ್ತ ಅಕ್ಕನ ರೆಕಾರ್ಡ್ ಪ್ಲೇಯರನ್ನು ಹೊತ್ತುಕೊಂಡು ಫೋನೋ ಪ್ರೀಆಂಪ್ ಕೊಳ್ಳಲು ಹೋಗಿದ್ದೆ. ಮುಳ್ಳಿನ ಸಣ್ಣ ಸದ್ದನ್ನು ದೊಡ್ಡದು ಮಾಡುವ ಡಬ್ಬಿ ಅದು. ಮೊದಲನೆಯದು ಚೆನ್ನಾಗಿಯೇ ಹಾಡಿತು. ಅಂಗಡಿಯವನು ಎರಡನೆಯದನ್ನು ಜೋಡಿಸಿದಾಗ, ಮುಳ್ಳು ಇಳಿಸುವ ಮೊದಲೇ ಸ್ಪೀಕರಿನಲ್ಲಿ ಊದಿದ ಸದ್ದು ಬಂತು. ಒಂದು ಉದ್ದ, ಒಂದು ಗಿಡ್ಡ. ಅಕ್ಕ ಮುಳ್ಳಿನ ಧೂಳು ಊದುತ್ತಿದ್ದದ್ದು ಹಾಗೆಯೇ.

"ಊದಿ ಅಂತ ಯಾರ್ರೀ ಹೇಳಿದ್ದು ನಿಮಗೆ?" ಎಂದು ರೇಗಿದೆ.

"ಬಾಯ್ತುಂಬ ಬಿಸ್ಕತ್ತಿದೆ, ಎಲ್ಲಿಂದ ಊದ್ಲಪ್ಪಾ? ಇದ್ಯಾಕೋ ಸರಿಯಿಲ್ಲ, ಮೊದಲನೇದೇ ತಗೋ."

ಎರಡನೆಯದನ್ನೇ ತಂದೆ. ಮನೆಯಲ್ಲಿ ಕಿವಿಯಿಟ್ಟು ಕಾದೆ. ಹೇಳದೆ ಕೇಳದೆ ಹೋದವಳನ್ನು ಬಾಯಿಗೆ ಬಂದಂತೆ ಬೈದೆ, ಅತ್ತೂಬಿಟ್ಟೆ. ಸದ್ದು ಮತ್ತೆ ಬರಲಿಲ್ಲ.

ಮುಳ್ಳನ್ನು ನಾನಂತೂ ಊದುವುದಿಲ್ಲ. ಅದು ಅವಳ ಕೆಲಸ. ಪ್ಲೇಯರಿನ ಮೇಲೆಲ್ಲ ಬೆರಳಲ್ಲಿ ಬರೆಯುವಷ್ಟು ಧೂಳು ಕೂತಿದೆ. ಮುಳ್ಳಿನ ಮೇಲೆ ಮಾತ್ರ ಒಂದು ಕಣವೂ ಇಲ್ಲ.