ಮನೆಗೆ ಕೊಂಡುಹೋದ ಚೇಂಬರ್

ಶುಕ್ರವಾರ ಮಧ್ಯಾಹ್ನ ಗಲ್ಫಿನ ಸತ್ವಾ ಬಡಾವಣೆಯಲ್ಲಿ, ಕೆಲಸಗಾರರು ಹಂಚಿಕೊಂಡಿದ್ದ ಹಳೆಯ ವಿಲ್ಲಾವೊಂದರ ಕೋಣೆಯಲ್ಲಿ ನೂರು ವರ್ಷ ಹಿಂದಿನ ರೈಫಲೊಂದು ಸಿಡಿಯಿತು. ಪಕ್ಕದ ಮಂಚದಲ್ಲಿ ಮಲಗಿದ್ದ ಟೈಲರ್ ಶೀನಪ್ಪನ ಬಲಗಣ್ಣು ಹೋಯಿತು.

ಆಸ್ಪತ್ರೆಯ ವರದಿ ಠಾಣೆ ತಲುಪುವ ಮೊದಲೇ ದೂರೊಂದು ಬಂದಾಗಿತ್ತು. ಕೊಟ್ಟವರು ಶಾಮಸುಂದರ. ಜುಮೇರಾ ಲೇಕ್ ಟವರ್ಸ್‌ನಲ್ಲಿ ಆಫೀಸು, ಸತ್ವಾದಲ್ಲಿ ಗ್ಯಾರೇಜು, ಅಬುಧಾಬಿಯ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯಲ್ಲಿ ವಿಲ್ಲಾ. ಗೋಡೆಗೆ ತೂಗುಹಾಕಲಷ್ಟೇ ಪರವಾನಗಿಯಿದ್ದ ತನ್ನ ರೈಫಲನ್ನು, ಶೀನಪ್ಪನ ಕೋಣೆಯಲ್ಲೇ ಇದ್ದ ಗ್ಯಾರೇಜಿನ ಮೆಕ್ಯಾನಿಕ್ ಅಲಿಕುಂಞಿ ಕದ್ದನೆಂದು ಬರೆಸಿದ್ದರು. ಎಫ್‌ಐಆರ್ ಆಯಿತು. ಆರೋಪಿ ಒಬ್ಬನೇ. ಮೊದಲು ಜೈಲು, ಆಮೇಲೆ ಊರಿಗೆ ಗಡೀಪಾರು. ಅಲಿಕುಂಞಿಗೆ ಕಾದಿದ್ದದ್ದು ಅದು.

ಶನಿವಾರ ಬೆಳಿಗ್ಗೆ ದುಭಾಷಿ ಲೆಸ್ಲಿಗೆ ಕರೆ ಬಂತು. ಕರಾವಳಿಯ ಕನ್ನಡ, ತುಳು, ಬ್ಯಾರಿ ಮೂರೂ ಬಲ್ಲವನು ಆ ಠಾಣೆಗೆ ಅವನೊಬ್ಬನೇ. ಇನ್‌ಸ್ಪೆಕ್ಟರ್ ಸುಹೈಲ್ ಕೇಳುತ್ತಾ ಹೋದರು, ಲೆಸ್ಲಿ ದಾಟಿಸುತ್ತಾ ಹೋದ.

"ಕದ್ದೆಯಾ?"

"ಧಣಿಯೇ ಡಿಕ್ಕಿಯಿಂದ ತೆಗೆದು ಕೊಟ್ಟದ್ದು ಸರ್. ತೋಟೆ ಕೂರುವ ಜಾಗ, ಆ ಚೇಂಬರ್, ಒರಟುಂಟು, ಉಜ್ಜಿ ನುಣುಪು ಮಾಡು ಅಂದ್ರು."

"ಒಳಗೆ ತೋಟೆ ಇದ್ದದ್ದು?"

"ಹಿಂದಿನ ಬೋಲ್ಟೇ ತೆರೆಯಲಿಲ್ಲ, ಬಿಡಿಸಲಿಕ್ಕೆ ಬಡಿದೆ. ಖಾಲಿ ಅಂತ ಹೇಳಿದ್ದು ಅವರು. ಗೊತ್ತಿದ್ದರೆ ಶೀನಪ್ಪಣ್ಣ ಮಲಗಿದ ಕೋಣೆಯಲ್ಲಿ ಬಡಿಯುತ್ತಿದ್ದೆನಾ?"

ಪಂಚನಾಮೆಯಲ್ಲಿ ಸಿಕ್ಕಿದ್ದು ಎಣ್ಣೆಬಟ್ಟೆ, ಮರಳುಕಾಗದ, ಅಲಿಕುಂಞಿಯ ಫೋನು. ಫೋನಿನಲ್ಲಿ ಶಾಮಸುಂದರರ ದನಿ: "ಚೇಂಬರ್ ಒರಟುಂಟು ಮಾರಾಯ. ಮನೆಗೆ ಕೊಂಡೋಗಿ ಸರಿ ಮಾಡು. ಗುರುವಾರಕ್ಕೆ ಬೇಕು."

ಭಾನುವಾರ ಇನ್‌ಸ್ಪೆಕ್ಟರೂ ಲೆಸ್ಲಿಯೂ ಟವರಿನ ಮೇಲಿನ ಆಫೀಸಿಗೆ ಹೋಗಿ ಆ ದನಿ ಕೇಳಿಸಿದಾಗ ಶಾಮಸುಂದರರು ನಕ್ಕೇಬಿಟ್ಟರು. ಚೇಂಬರ್ ಅಂದರೆ ಇದು, ತಾನು ಕೂರುವ ಈ ಕೋಣೆ. ಗೋಡೆ ಒರಟಾಗಿತ್ತು, ಉಜ್ಜಲು ಹೇಳಿದ್ದೆ ಎಂದರು. ಗೋಡೆಯಲ್ಲಿ ಹೊಸ ಬಣ್ಣದ ವಾಸನೆ ಇನ್ನೂ ಇತ್ತು.

ನಿಮ್ಮ ಭಾಷೆಯಲ್ಲಿ ಹಾಗನ್ನುತ್ತಾರೆಯೇ ಎಂದು ಇನ್‌ಸ್ಪೆಕ್ಟರು ಲೆಸ್ಲಿಯನ್ನು ಕೇಳಿದರು. ಅನ್ನುತ್ತಾರೆ. ಮಂಗಳೂರಿನ ವಕೀಲರಿಂದ ಹಿಡಿದು ಬ್ಯಾಂಕ್ ಮ್ಯಾನೇಜರರ ತನಕ ಎಲ್ಲರ ಕೋಣೆಯೂ ಚೇಂಬರೇ. ಲೆಸ್ಲಿ ಹೌದೆಂದ. ಹೌದೆಂದ ಮಾತು ಅಲಿಕುಂಞಿಯ ಕುತ್ತಿಗೆಗೆ ಬಿಗಿಯುತ್ತಿರುವುದೂ ಅವನಿಗೆ ಗೊತ್ತಾಯಿತು.

ಲಿಫ್ಟಿನ ಬಾಗಿಲು ತೆರೆಯಿತು. ಲೆಸ್ಲಿ ಹತ್ತಲಿಲ್ಲ. ಫೋನಿನ ಆ ದನಿಯನ್ನು ಇನ್ನೊಮ್ಮೆ ಹಾಕಿಸಿ ಕೇಳಿದ, ಇನ್‌ಸ್ಪೆಕ್ಟರಿಗೆ ಎರಡು ಮಾತು ಹೇಳಿದ. ಇಬ್ಬರೂ ಹಿಂದಿರುಗಿದರು.

"ಶಾಮಸುಂದರರೇ, ಇನ್‌ಸ್ಪೆಕ್ಟರು ಕೇಳ್ತಿದ್ದಾರೆ. ಈ ಚೇಂಬರನ್ನು ಅವನು ಮನೆಗೆ ಕೊಂಡೋಗುವುದು ಹೇಗೆ?"

ಶಾಮಸುಂದರರು ಏಸಿಯ ರಿಮೋಟ್ ಕೈಗೆತ್ತಿಕೊಂಡರು, ಒತ್ತದೆ ಕೆಳಗಿಟ್ಟರು.

ಅಬುಧಾಬಿ ಪೊಲೀಸರ ಜೊತೆ ಶಾಮಸುಂದರರ ವಿಲ್ಲಾದ ತಪಾಸಣೆ ನಡೆಯಿತು. ಕಪಾಟಿನಲ್ಲಿ ಅದೇ ಜಾತಿಯ ತೋಟೆಗಳು ಸಿಕ್ಕಿದವು. ಸಂಜೆ ಬಂಧನವಾಯಿತು.

ಬರುವ ಗುರುವಾರ ಮರುಭೂಮಿಯಲ್ಲಿ ಶಾಮಸುಂದರರ ಪಾರ್ಟಿಯಿತ್ತು. ಅತಿಥಿಗಳೆದುರು ಒಂದು ಗುಂಡು ಹಾರಿಸುವ ಆಸೆ. ಅವರ ಅಜ್ಜ ಜಮೀನ್ದಾರನ ಬೇಟೆಗೆ ಕೋವಿ ಹೊತ್ತವನು, ಒಮ್ಮೆಯೂ ಅದರ ಕುದುರೆ ಎಳೆದು ಗುಂಡು ಹಾರಿಸಲು ಸಿಗದೆ ಸತ್ತವನು. ಈ ಕತೆಯನ್ನು ಗ್ಯಾರೇಜಿನವರು ಪ್ರತಿ ಇಫ್ತಾರಿನಲ್ಲೂ ಕೇಳಿದ್ದರು. ಪರವಾನಗಿಯ ಕೋವಿ ಅಂಗಡಿಗೆ ರಿಪೇರಿಗೆ ಕೊಟ್ಟರೆ, ಗೋಡೆಯ ಕೋವಿಗೆ ನುಣುಪು ಚೇಂಬರ್ ಯಾಕೆಂಬ ಪ್ರಶ್ನೆ ಬರುತ್ತದೆ. ಪರೀಕ್ಷೆಗೆಂದು ತಾವೇ ಹಾಕಿದ ತೋಟೆ ಒಳಗೇ ಕಚ್ಚಿಕೊಂಡದ್ದು ಅವರಿಗೆ ಗೊತ್ತಿತ್ತು. ಹೇಳಿದರೆ ಅಲಿಕುಂಞಿ ಮುಟ್ಟುವುದಿಲ್ಲ. ಅದಕ್ಕೇ ಹೇಳಲಿಲ್ಲ. ಅಜ್ಜನ ಹೆಗಲಿಗೆ ಕೋವಿ ಹೊರಿಸಿದವರ ಮೇಲಿನ ಸಿಟ್ಟು ಇನ್ನೊಬ್ಬ ಹೊರುವವನನ್ನು ಹುಡುಕಿಕೊಂಡಿತ್ತು.

ಠಾಣೆಯ ಕಾರಿಡಾರಿನಲ್ಲಿ ಶಾಮಸುಂದರರೂ ಅಲಿಕುಂಞಿಯೂ ಎದುರಾದರು. ಒಬ್ಬರನ್ನು ಒಳಗೆ ತರುತ್ತಿದ್ದರು, ಇನ್ನೊಬ್ಬನನ್ನು ಕೊನೆಯ ಹೇಳಿಕೆಗೆ ಕರೆದೊಯ್ಯುತ್ತಿದ್ದರು. ಶಾಮಸುಂದರರು ಎಂದಿನ ಮೆಲುದನಿಯಲ್ಲಿ ಅಂದರು:

"ಅಲೀ, ತೋಟೆ ಹಾಕಿದ್ದು ನೀನೇ ಅಂತ ಹೇಳಿಬಿಡು. ನಿನ್ನ ಮಗಳು ಹನಾಳ ಓದು, ಮದುವೆ ಎಲ್ಲ ನನಗಿರಲಿ. ಇದೊಂದು ಹೊತ್ತುಕೋ."

ಏನಂದರು ಎಂದು ಇನ್‌ಸ್ಪೆಕ್ಟರು ಲೆಸ್ಲಿಯ ಮುಖ ನೋಡಿದರು. ಲೆಸ್ಲಿ ಬಾಯಿ ತೆರೆಯುವ ಮುಂಚೆ ಅಲಿಕುಂಞಿ ತಲೆಯೆತ್ತಿದ.

"ನಿಮ್ಮ ಅಜ್ಜ ಹೊತ್ತರು, ಧಣಿ. ನಾನು ಹೊರುದಿಲ್ಲ."